ಕೊಡೆಬಟ್ಟೆಯ ಹಾಯಿ

ಊರಿನ ಹೆಸರು ಸಾಗರ.
ಜೀನಸಿ ಅಂಗಡಿಯ ಮೂಟೆ ಬಿಟ್ಟರೆ ಉಪ್ಪು ಎಲ್ಲೂ ಇಲ್ಲ.
ಹೊನ್ನಾವರದ ದಕ್ಕೆಯಲ್ಲಿ ಹುಟ್ಟಿದ ನಮ್ಮಪ್ಪ ಇನಾಸ
ಇಲ್ಲಿ ಕೊಡೆ ರಿಪೇರಿಗೆ ಕೂತು ಇಪ್ಪತ್ತು ಮಳೆಗಾಲ.

ಬಿಟ್ಟುಹೋದ ಕೊಡೆಗಳು ಗೂಡಂಗಡಿಯ ಮಾಡಿಗೆ
ಬಾವಲಿಗಳ ಹಾಗೆ ಜೋತುಬಿದ್ದಿರುತ್ತಿದ್ದವು.
ಒಂದು ವರ್ಷ ಕಾಯುತ್ತೇನೆ, ಆಮೇಲೆ ನನ್ನದು:
ಅದು ಅವನ ಕಾನೂನು, ಸೀಮೆಸುಣ್ಣದಲ್ಲಿ ಬರೆದಿತ್ತು.

ಆ ದಸರಾ ರಜೆಗೆ ಅರವತ್ತೊಂದು ಕೊಡೆ ಬಿಚ್ಚಿದ.
ಕಪ್ಪು ತ್ರಿಕೋನಗಳ ರಾಶಿಯನ್ನು
ಅಮ್ಮನ ಹೊಲಿಗೆ ಮೆಷಿನ್ನಿನ ಮುಂದೆ ಸುರಿದ.
ಏನಿದು? ಹಾಯಿ.
ಯಾವ ಸಮುದ್ರಕ್ಕೆ?
ಕರೆಂಟಿನವರು ಕಟ್ಟಿಟ್ಟಿದ್ದಾರಲ್ಲ, ಅದಕ್ಕೆ.

ಹಿನ್ನೀರು ತುಂಬಿತ್ತು. ಬಾಡಿಗೆ ದೋಣಿ, ಬಿದಿರಿನ ಕಂಬ,
ಸೀಮೆಎಣ್ಣೆ ಸ್ಟವ್ವು, ಒಂದು ಡಬ್ಬಿ ಒಣಸಿಗಡಿ,
ಈಜು ಬಾರದ ಅಮ್ಮ, ಜಪಸರ ಬೆರಳಿಗೆ ಸುತ್ತಿಕೊಂಡು.
ನಾನು, ತಮ್ಮ ಲಿಗೋರಿ, ಲಿಗೋರಿಯ ವಾಂತಿ.
ಲಂಗರು ಇರಲಿಲ್ಲ. ಅಪ್ಪ ಅಮ್ಮನ ಮೆಷಿನ್ನಿನ
ಕಾಲುಪೆಡಲನ್ನೇ ಕಳಚಿ ತಂದಿದ್ದ:
ಮೂರೇ ದಿನ, ವಾಪಸ್ ಕೂರಿಸಿಕೊಡ್ತೇನೆ.

ಗಾಳಿ ತುಂಬಿದಾಗ ಹಾಯಿ ಓದಲು ಬಂತು.
ಕೊಡೆಯ ಮೇಲೆ ಜನ ಬಿಳಿ ಬಣ್ಣದಲ್ಲಿ ಬರೆದ ಹೆಸರು:
ಕೆ. ಟಿ. ಮಂಜಪ್ಪ, ಆವಿನಹಳ್ಳಿ.
ಶಾಲೆಯದು, ಮುಟ್ಟಬೇಡಿ.
ತಲೆಕೆಳಗಾದ ಒಂದು ದುಗ್ಗಮ್ಮ.
ಇವರೆಲ್ಲರ ಹೆಸರು ಹೊತ್ತು ನಾವು ನಾಲ್ಕು ಜನ
ದ್ವೀಪದಿಂದ ದ್ವೀಪಕ್ಕೆ.

ದ್ವೀಪ ಅಂದರೆ ಮುಳುಗಲು ಒಪ್ಪದ ಗುಡ್ಡದ ನೆತ್ತಿ.
ಅಮ್ಮ ಅವಕ್ಕೆ ಬೀದಿಯವರ ಹೆಸರಿಟ್ಟಳು.
ಬೋಳು ಮಣ್ಣಿನದು ಪೋಸ್ಟ್‌ಮ್ಯಾನ್ ವೆಂಕಪ್ಪ,
ಸುತ್ತ ಸತ್ತ ಮರದ ಬೊಡ್ಡೆ ನಿಂತಿದ್ದು
ಮಕ್ಕಳ ಮೇಲೆ ಕಣ್ಣಿಟ್ಟ ಸಿಸ್ಟರ್ ಬೆನಡಿಕ್ಟಾ.

ಲಾಂಚು ನಿಲ್ಲುವಲ್ಲೆಲ್ಲ ಅಪ್ಪನಿಗೆ ಬಂದರು.
ಹೊಳೆಬಾಗಿಲು ಬಂದರು: ಎರಡು ಚಾ ಅಂಗಡಿ,
ಒಂದು ಜೀಪು, ಜೀಪಿನಡಿ ನಾಯಿ.
ಅಲ್ಲಿ ಲಾಂಚಿನ ಕಟಾಂಜನಕ್ಕೆ ಬಾಗಿ
ಟೀಚರಮ್ಮ ಒಬ್ಬರು ಕೂಗಿದರು:
ರೀ, ಅದು ನನ್ನ ಕೊಡೆ! ಮೇಲಿನಿಂದ ಮೂರನೇದು!
ಅಪ್ಪ ಎದ್ದು ನಿಂತ, ದೋಣಿ ವಾಲಿತು.
ರಿಪೇರಿ ಆಗಿದೆ ಅಮ್ಮಾ, ಸ್ವಲ್ಪ ದೊಡ್ಡದಾಗಿದೆ.
ಹನ್ನೆರಡು ರೂಪಾಯಿ ಬಾಕಿ.
ಲಾಂಚಿಗೆ ಲಾಂಚೇ ನಕ್ಕಿತು. ಟೀಚರಮ್ಮ ನಗಲಿಲ್ಲ.
ದಾಟಿ ಹೋಗುವವರೆಗೂ
ತಮ್ಮ ಬಟ್ಟೆಯ ತುಂಡನ್ನೇ ನೋಡುತ್ತ ನಿಂತಿದ್ದರು.

ಎರಡನೇ ರಾತ್ರಿ ಪೆಡಲು ಇಳಿಸಿದೆವು.
ಬೆಳಿಗ್ಗೆ ಎಳೆದರೆ ಬರಲಿಲ್ಲ.
ಅಪ್ಪ ಎಳೆದ, ನಾನು ಎಳೆದೆ, ಗಾಳಿಗೆ ಹೇಳಿದೆವು.
ಕೆಳಗೆ ಯಾರೋ ಇನ್ನೊಂದು ತುದಿ ಹಿಡಿದ ಹಾಗೆ.
ದಡದಲ್ಲಿ ಬಲೆ ಕೊಡವುತ್ತಿದ್ದ ಮುದುಕ ಅಂದ:
ಅಲ್ಲಿ ಮನೆಗಳಿದ್ವು. ಬಾವಿಕಟ್ಟೆಗೆ ಸಿಕ್ಕಿರಬೇಕು.
ಅಷ್ಟೇ ಹೇಳಿ ಮತ್ತೆ ಬಲೆ ಕೊಡವಿದ.

ಅಮ್ಮ ಹಗ್ಗದ ಮೇಲೆ ಅಂಗೈ ಇಟ್ಟಳು,
ನಾಡಿ ನೋಡುವವಳ ಹಾಗೆ.
ಅವಳ ಎರಡೂ ಪಾದ ಸವೆಸಿದ ಕಬ್ಬಿಣ ಅದು,
ಮದುವೆಗೆ ಅವಳಪ್ಪ ಕೊಟ್ಟಿದ್ದು.
ಅಪ್ಪ ಮುಖ ತಿರುಗಿಸಿಕೊಂಡು ಚುಕ್ಕಾಣಿ ಉಜ್ಜುತ್ತಿದ್ದ.
ಮೀನು ಕೊಯ್ಯುವ ಚೂರಿ ಕೇಳಿದಳು.
ಕೊಟ್ಟೆ.

ಕ್ರಿಸ್‌ಮಸ್ಸಿಗೆ ನನ್ನ ಫ್ರಾಕು
ಕೈಯಲ್ಲಿ ಚಕ್ರ ತಿರುಗಿಸಿಯೇ ಹೊಲಿದಳು.
ಹೊಲಿಗೆ ಒಂದು ಕಡೆ ಸೊಟ್ಟ. ಯಾರೂ ಮಾತಾಡಲಿಲ್ಲ.
ಜೂನಿನಲ್ಲಿ ಟೀಚರಮ್ಮ ಬಂದರು,
ಹನ್ನೆರಡು ರೂಪಾಯಿ ಎಣಿಸಿ ಇಟ್ಟರು.
ಅಪ್ಪ ಹೊಸ ಕೊಡೆ ಕೊಟ್ಟ, ಬಿಲ್ಲು ಹರಿದ.

ಹಿನ್ನೀರು ತೀರಾ ಇಳಿದ ಬೇಸಗೆಯಲ್ಲಿ
ಆ ಅಂಗಳ ಮೇಲೆ ಬರುವುದುಂಟಂತೆ.
ಅಲ್ಲಿಯ ಮನೆಯವರು ಯಾರಾದರೂ
ನೋಡಿಹೋಗಲು ಬಂದರೆ, ಬಾವಿಕಟ್ಟೆಗೆ ಒರಗಿ
ಬಳ್ಳಿಬಳ್ಳಿಯ ಕಬ್ಬಿಣದ ಜಾಲರಿಯೊಂದು ಇದ್ದೀತು.
ಅದು ನಮ್ಮದು.
ಒಂದು ವರ್ಷ ಕಾಯಿರಿ,
ಆಮೇಲೆ ನಿಮ್ಮದು.