ಒಳಗಿನ ಅಗಳಿ

ಇಪ್ಪತ್ತು ವರ್ಷದ ಮ್ಯಾಲಾತು, ಈ ಕದ
ನಮ್ಮ ಸೆಕ್ಟರ್ ಮನಿಯ ಹಿತ್ತಲ ಗ್ವಾಡಿಗೆ ಒರಗಿ ನಿಂತಿತ್ತು.
ಹಳೇ ಬಾಗಲಕೋಟಿ ಓಣಿ ನೀರಾಗ ಹೋಗೂ ಮುಂದ
ಚೌಕಟ್ಟು ಸೈತ ಕಿತ್ತು ತಂದಿದ್ವಿ.
ಹೊಸ ಮನಿಗೆ ಹಿಡೀಲಿಲ್ಲ.
ಮ್ಯಾಲ ಸರ್ವೇದವರು ಬರದ ಕೆಂಪು ನಂಬರ:
ಎರಡು ನೂರಾ ಹದಿನಾಕು.
ಪರಿಹಾರದ ರೊಕ್ಕ ಕರಗಿತು, ನಂಬರ ಕರಗಲಿಲ್ಲ.

ಅದರ ಮ್ಯಾಲ ಕೌದಿ ಒಣಹಾಕತಿದ್ದೆ.
ಬೆಕ್ಕು ಅದರ ಹಿಂದ ಮೂರು ಸಲ ಈದಿತ್ತು.
ಗುಜರಿ ಹುಡುಗ ಕೇಳಿದಾಗೆಲ್ಲ ನಮ್ಮತ್ತಿ ತಂಗೆವ್ವ,
"ಬಾಗಿಲಾ ಮಾರೂದಿಲ್ಲೋ, ಊರಿಗೆ ಹೋದಾಗ ಬೇಕು" ಅಂತಿದ್ಲು.
ಯಾವ ಊರು ಅಂತ ಕೇಳಾಕ
ನಮಗ್ಯಾರಿಗೂ ಬಾಯಿ ಬರತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದ, ಹತ್ತಿ ಗೋದಾಮಿನಾಗ
ದಿಕ್ಕಿಲ್ಲದ ಹೆಣ್ಮಕ್ಕಳನ್ನ ಇಟಗೊಂಡಾರ ಅಂದಾಗ
ಓಣಿ ಮಂದಿ ಮದಲ ಮೂಗು ಮುರದದ್ದು ಖರೆ.
ನಾನೂ ಮುರದೆ, ಸುಳ್ಳ ಯಾಕ ಹೇಳಲಿ.
"ಗಂಡನ್ನ ಬಿಟ್ಟ ಬಂದಾವು" ಅಂದೆ, ನಳದ ಮುಂದ, ಕೊಡ ತುಂಬೂತನಕ.
ಮನಿ ಮುಳಗಾಕ ನೀರ ಬೇಕು ಅಂತ ತಿಳದಿದ್ದೆ.

ಗಿರಣಿ ಹಜರತಬಿ ಐತವಾರಕ್ಕೊಮ್ಮೆ
ಅಲ್ಲಿಗೆ ಜ್ವಾಳದ ಹಿಟ್ಟಿನ ಡಬ್ಬಿ ಕಳಸತಿದ್ಲು.
ಡಬ್ಬಿ ತೊಳದು ಬರೂದು,
ಒಳಗ ನಾಕು ಬಿಸಿ ರೊಟ್ಟಿ, ಅರಬ್ಯಾಗ ಸುತ್ತಿ.
ಆಕಿ ಮೊಣಕಾಲು ಹಿಡದಿತ್ತು ಆವತ್ತು.
"ನೀನs ಹೋಗಿ ಬಾರ" ಅಂದ್ಲು.

ಒಂಬತ್ತು ಹೆಣ್ಮಕ್ಕಳು. ಹದಿಮೂರು ಹುಡುಗೂರು.
ಒಂದು ಶಟರು.
"ಕೀಲಿ ಹೊರಗಷ್ಟ ಐತ್ರಿ" ಅಂದ್ಲು ಯಮನವ್ವ,
ಮೊಣಕೈತನಕ ಹಿಟ್ಟು.
"ರಾತ್ರಿ ಒಳಗಿಂದ ಸೀರಿಲೆ ಬಿಗದು
ಪಾಳಿ ಮ್ಯಾಲ ಎಚ್ಚರ ಕೂಡತೀವಿ.
ಕುಡದವರು ಬಂದು ಬಡೀತಾರು,
ಹುಡುಗೂರು ಹಾಸಗ್ಯಾಗ ಉಚ್ಚಿ ಹೊಯ್ಕೋತಾವು.
ಹೊದಿಕಿ ಭಾಳ ಬಂದಾವ್ರಿ. ಬಾಳೆಹಣ್ಣ ಬಂದಾವು.
ಫೋಟೋ ತಗದಾರು..."
ಮಾತು ಅಲ್ಲೇ ನಿಲ್ಲಿಸಿ ರೊಟ್ಟಿ ತಿರುವಿದ್ಲು.

ರಾತ್ರಿ ಉಣ್ಣೂ ಮುಂದ ಅತ್ತಿಗೆ ಹೇಳಿದೆ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ನಸಕಿನ್ಯಾಗ ಎದ್ದು ನೋಡತೀನಿ,
ಹಿತ್ತಲದಾಗ ಕುಂತು ಕದಕ್ಕ ಎಣ್ಣಿ ಹಚ್ಚಾಕತ್ಯಾಳ,
ಮಗೂನ ಎರದ ಹಂಗ, ಸಂದಿಸಂದಿಗೆ ಬೆರಳ ಹಾಕಿ.
"ಅಗಳಿ ತುಕ್ಕ ಹಿಡದೈತಿ.
ನಿನ್ನ ಕೈಯಾಗ ಜೋರೈತಿ, ನೀ ತಿಕ್ಕು."

ಟಂಟಂ ಒಂದು ಬಂತು, ಹಾಸ್ಟೆಲ್ ಹುಡುಗೂರು ಆರು ಮಂದಿ.
ಗೌಂಡಿ ದಾವಲಸಾಬ ಶಟರಿನ ಬಾಜೂಕ ಗ್ವಾಡಿ ಒಡದ.
ಕಾಳಪ್ಪ ಬಡಿಗೇರ ಪಗಾರ ಮುಟ್ಟಲಿಲ್ಲ,
ಚಹಾ ಮಾತ್ರ ಏಳು ಸಲ ಕುಡದ.
ನಳದ ಮುಂದ ನನಗಿಂತ ಜೋರ ಮಾತಾಡಿದ್ದ ಗುರುಪಾದಪ್ಪ
ಸಿಮೆಂಟಿನ ಚೀಲ ಒಂದು ಸೈಕಲ್ಲಿನ ಮ್ಯಾಲ ತಂದು,
ಮೂಲ್ಯಾಗ ಇಳಿಸಿ, ಯಾರ ಮಾರೀನೂ ನೋಡದ ಹೋದ.

"ಅಗಳಿ ಯಾವ ಕಡೆ ಹಾಕಲ್ರಿ?"
ಬಡಿಗೇರ ಕೇಳಿದ್ದು ದಾವಲಸಾಬಗ.
ಒಂಬತ್ತು ಬಾಯಿ ಕೂಡೆ ಅಂದವು: "ಒಳಗ."

ಆಮ್ಯಾಲ ಒಂದು ಕೂಸು, ಹಲ್ಲ ಬಿದ್ದದ್ದು,
ಕೆಂಪು ಅಂಕಿ ಮ್ಯಾಲ ಬೆರಳಾಡಿಸಿ
ಎರಡು, ಒಂದು, ನಾಕು ಅಂತ ಓದಿತು.
"ಇದು ನಮ್ಮ ಮನಿ ನಂಬರೇನ್ರಿ?"
ಅತ್ತಿ ಸೆರಗಿಲೆ ಮಾರಿ ಒರಸಿಕೊಂಡು,
"ಮತ್ಯಾರದು?" ಅಂದ್ಲು, ಸಿಟ್ಟಿಗೆದ್ದವರ ಹಂಗ.

ಮುಂದಿನ ಐತವಾರ ಡಬ್ಬಿ ಹೊತಗೊಂಡು ಹೋದೆ.
ಕದ ಹಾಕಿತ್ತು.
ಹಳೇ ರೂಢಿ, ಬಲಗಡೆ ಹಲಿಗಿಗೆ ಹೆಗಲ ಕೊಟ್ಟು ನೂಕಿದೆ.
ಮಿಸುಗಲಿಲ್ಲ.
ಒಳಗಿಂದ ಹಲ್ಲಿಲ್ಲದ ದನಿ: "ಯಾರದು?"

ಲಗ್ನ ಆಗಿ ಬಂದಂದಿನಿಂದ
ಈ ಕದ ನನ್ನ ಹೆಸರ ಕೇಳಿರಲಿಲ್ಲ.
ಹೇಳಿದೆ.
ಅಗಳಿ ಸರಿಯೂತನಕ ಬಿಸಲಾಗ ನಿಂತೆ.