ಏಳನೇ ಹಾಡು ಅರ್ಧಕ್ಕೆ ನಿಲ್ಲುತ್ತದೆ

ಮೊಟ್ಟೆಯ ಟ್ರೇಗಳನ್ನು ಕೊಟ್ಟವನು
ಮೆಟ್ಟಿಲ ಬುಡದ ಆಮ್ಲೆಟ್ ಗಾಡಿಯ ಖಾಜಾ.
ಮುನ್ನೂರ ಹನ್ನೆರಡು. ಎಣಿಸಿಯೇ ಕೊಟ್ಟ,
ಎಣಿಸಿಯೇ ವಾಪಸು ಬೇಕೆಂದ.
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಟೈರ್ ರಿಸೋಲ್ ಅಂಗಡಿಯ ಮೇಲೆ ಹತ್ತಡಿಗೆ ಹದಿನಾಲ್ಕಡಿ,
ಗೋಡೆಗೆಲ್ಲ ಅಂಟು, ಅಂಟಿಗೆಲ್ಲ ಖಾಲಿ ಗೂಡು.
ಇದು ಸ್ಟುಡಿಯೋ ಎಂದ ತಿಪ್ಪೇರುದ್ರ.
ನಾವು ಮೂವರೂ ನಗಲಿಲ್ಲ. ಬಾಡಿಗೆ ಕೊಟ್ಟಾಗಿತ್ತು.

ಮೊದಲ ಆಲ್ಬಮ್ಮು ಸಿಟ್ಟಿನಲ್ಲೇ ಆಗಿಹೋಗಿತ್ತು.
ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ,
ಅದಕ್ಕೇ ಅಷ್ಟು ಜೋರು.
ಹುಡುಗರು ಎದೆಯ ಮೇಲೆ ನಮ್ಮ ಹೆಸರು, ತುಕ್ಕು, ಹಾಕಿಕೊಂಡು
ದುರ್ಗಿಗುಡಿಯಲ್ಲಿ ತಿರುಗಿದರು. ಎಂಟು ಟೀಶರ್ಟು.
ಒಂದರಲ್ಲಿ ಚಿಕ್ಕಪ್ಪ ಈಗ ಬೈಕು ಒರೆಸುತ್ತಾನೆ.

ಎರಡನೆಯದಕ್ಕೆ ಕೂತಾಗ
ಸಿಟ್ಟು ಎಲ್ಲಿಟ್ಟಿದ್ದೆವೋ, ಸಿಗಲಿಲ್ಲ.
ಫಿಲೋಮಿನಾ ಮೆಗ್ಗಾನಿನ ವಾರ್ಡಿನಿಂದ ನೇರ ಬಂದು
ಸ್ಪಿರಿಟ್ ವಾಸನೆಯ ಕೈಯಲ್ಲೇ ಮೈಕು ಹಿಡಿಯುತ್ತಿದ್ದಳು.
ಚಂದ್ರಮೌಳಿಗೆ ಹೊಸ ಪೆಡಲು ಬಂದಿತ್ತು, ಅದರ ಕಂತೂ ಬಂದಿತ್ತು.
ತಿಪ್ಪೇರುದ್ರ ಬೇಸ್ ನುಡಿಸುವುದಕ್ಕಿಂತ ಹೆಚ್ಚು
ಬೆಳೀಬೇಕು ಕಣ್ರೋ, ಬೆಳೀಬೇಕು ಎನ್ನುತ್ತಿದ್ದ.
ನಾನು ಡ್ರಮ್ಮಿನ ಹಿಂದೆ. ಯಾವಾಗಲೂ ಹಿಂದೆ.
ಹಗಲು ಲೇತ್ ತಿರುಗಿಸಿದ ಭುಜ
ರಾತ್ರಿಯ ತಾಳಕ್ಕೆ ಒಂದು ಕೂದಲೆಳೆ ತಡ;
ಕಿವಿಯೊಳಗೆ ಕ್ಲಿಕ್ಕು, ಟಿಕ್ ಟಿಕ್,
ಬಾಗಿಲಲ್ಲಿ ಚೀಟಿ ದುಡ್ಡಿಗೆ ನಿಂತವನ ಹಾಗೆ.

ಒಂದು, ಎರಡು, ಮೂರು ಪರವಾಗಿಲ್ಲ.
ನಾಲ್ಕರಲ್ಲಿ ಕೆಳಗಿನ ಕಂಪ್ರೆಸರ್ ಸೇರಿಕೊಂಡಿದೆ,
ಗಮನವಿಟ್ಟು ಕೇಳಿದರೆ ನಮಗಿಂತ ಅದೇ ತಾಳದಲ್ಲಿದೆ.
ಐದರ ಪದಗಳಿಗೆ ಜಗಳ. ಮಳೆ ಬೇಡ ಎಂದಳು ಫಿಲೋಮಿನಾ,
ಶಿವಮೊಗ್ಗದವರು ಅಂದ್ರೆ ಮಳೇನೇ ಬರೀಬೇಕಾ?
ನಾನು ಬೆಡ್‌ಪ್ಯಾನ್ ಬಗ್ಗೆ ಬರೀತೀನಿ.
ಬರೆದಳು. ಅದೇ ಐದು.
ಆರು ನನಗೆ ಇಷ್ಟವಿಲ್ಲ. ಯಾಕೆಂದು ಚಂದ್ರಮೌಳಿಗೆ ಗೊತ್ತು.

ಏಳು. ಹದಿನಾರನೇ ಟೇಕು.
ರಾತ್ರಿ ಹತ್ತೂಕಾಲು. ಎರಡನೇ ಚರಣ ದಾಟಿದ್ದೆವು,
ಕರೆಂಟು ಹೋಯಿತು.

ಗಿಟಾರು ಸತ್ತಿತು, ಬೇಸು ಸತ್ತಿತು, ಕಿವಿಯ ಟಿಕ್ ಟಿಕ್ ಸತ್ತಿತು.
ಕತ್ತಲಲ್ಲಿ ನಾನೊಬ್ಬನೇ ಬಾರಿಸುತ್ತಿದ್ದೆ
ನಿಲ್ಲಿಸುವುದು ಮರೆತು.
ಆಮೇಲೆ ಅವಳ ದನಿ, ಮೈಕಿಲ್ಲದ್ದು.
ಇಷ್ಟು ಚಿಕ್ಕದಿತ್ತೇ ಅದು? ಇಷ್ಟು ಹತ್ತಿರ?
ಕೋಲು ಕೆಳಗಿಟ್ಟು ಬರಿಗೈಗೆ ಇಳಿದೆ.
ತಂತಿಯ ಮೇಲೆ ತಿಪ್ಪೇರುದ್ರನ ಒರಟು ಬೆರಳು
ಜರಿಯ ಸೀರೆ ಸರಿದಷ್ಟೇ ಸದ್ದು.
ಚಂದ್ರಮೌಳಿ ಪೆಡಲು ಎಡವಿಕೊಂಡು ಹೋಗಿ ಕಿಟಕಿ ತೆರೆದ:
ಕೆಳಗೆ ಲಾರಿ ಬಾಡಿ ಕಟ್ಟುವವರ ವೆಲ್ಡಿಂಗು ನಿಂತಿತ್ತು,
ಗ್ರೈಂಡರು ನಿಂತಿತ್ತು, ತಲೆಗಳೆಲ್ಲ ಮೇಲಕ್ಕೆ.
ಅವಳು ಹಾಳೆಯಲ್ಲಿಲ್ಲದ ಒಂದು ಸಾಲು ಹಾಡಿದಳು.
ಯಾರದೋ ಹೆಸರಿತ್ತು ಅದರಲ್ಲಿ. ವಾರ್ಡಿನವರದ್ದಿರಬೇಕು.
ನಾವು ಕೇಳಲಿಲ್ಲ.
ಮುಗಿಯಿತು. ಕೆಳಗೆ ಯಾರೋ ಬೀಡಿ ಹಚ್ಚಿದರು.
ಕರೆಂಟು ಬಂದಾಗ ಆಂಪ್ಲಿಫೈಯರುಗಳು
ನಿದ್ದೆಯಿಂದೆದ್ದವರ ಹಾಗೆ ಹೂಂ? ಎಂದವು.

ಮತ್ತೆ ಇಪ್ಪತ್ತೆರಡು ಟೇಕು.
ಮೇನ್ ಸ್ವಿಚ್ ಆರಿಸಿಯೂ ನೋಡಿದೆವು, ನಾಚಿಕೆ ಬಿಟ್ಟು.
ಆ ಸಾಲು ಅವಳಿಗೆ ನೆನಪಿಲ್ಲ.
ನೆನಪಿಲ್ಲ ಎಂದಳು, ಅಷ್ಟೇ ನನಗೆ ಗೊತ್ತು.

ಕೊನೆಗೆ ಹಾಗೇ ಬಿಟ್ಟೆವು.
ಎರಡು ನಿಮಿಷ ಮೂವತ್ತೆಂಟು ಸೆಕೆಂಡಿಗೆ
ಕತ್ತರಿ ಹಾಕಿದಂತೆ ನಿಲ್ಲುತ್ತದೆ ಏಳು.
ಕೇಳಿದವರು ಫೋನು ಮಾಡುತ್ತಾರೆ:
ಫೈಲು ಕೆಟ್ಟಿದೆ, ಇನ್ನೊಮ್ಮೆ ಕಳಿಸಿ.
ತಿಪ್ಪೇರುದ್ರ ಅದು ಕಾನ್ಸೆಪ್ಟು ಎನ್ನುತ್ತಾನೆ.
ನಾನು ಇನ್ನೊಮ್ಮೆ ಕಳಿಸುತ್ತೇನೆ.

ಬಾಡಿಗೆ ಮುಗಿದ ದಿನ ಟ್ರೇ ಕಿತ್ತು
ಹೆಗಲ ಮೇಲೆ ಹೊತ್ತು ಇಳಿದೆ.
ಖಾಜಾ ಸ್ಟೀಲ್ ಲೋಟದಲ್ಲಿ ಮೊಟ್ಟೆ ಕಲಕುತ್ತಿದ್ದ,
ಚಮಚದಲ್ಲಿ ನನ್ನದೇ ತಾಳ, ಕೂದಲೆಳೆ ತಡದ ಸಮೇತ.
ಬಾಯಲ್ಲಿ ಏಳರ ಉಳಿದರ್ಧ,
ರಾಗ ಅಲ್ಲಲ್ಲಿ ತಪ್ಪು,
ಹೆಸರು ಬರುವ ಜಾಗದಲ್ಲಿ ಬರೀ ಊಂ ಊಂ.
ಈರುಳ್ಳಿ ಕರಗುವಷ್ಟು ಹೊತ್ತು ನಿಂತೆ.
ಕಾವಲಿ ಇಳಿಸಿ, ಕೈ ಒರೆಸಿಕೊಂಡು,
ಒಂದೊಂದೇ ಎಣಿಸಿ ಹೇಳಿದ:
ಹದಿನೈದು ಕಮ್ಮಿ ಇದೆಯಲ್ಲ.