ಹನ್ನೊಂದು ಹಾಳೆ

ಬೆಳಗಿನ ಎಣಿಕೆಗೆ ಮೊದಲೇ ಏಳುತ್ತೇನೆ.
ಹನ್ನೆರಡು ಜನರ ಕೋಣೆಯಲ್ಲಿ ಇಪ್ಪತ್ತಮೂರು ಮಂದಿ,
ಹೆಜ್ಜೆಯಿಡಲು ಯಾರದಾದರೂ ಕನಸು ದಾಟಬೇಕು.
ಕಕ್ಕಸಿನ ಪಕ್ಕ ಒಂದು ಚಾಪೆಯಗಲ ನೆಲ,
ಅದೇ ನನ್ನ ಗರಡಿ.

ಎರಡು ಲೀಟರಿನ ಸೋಡಾ ಬಾಟಲಿ ಎರಡು,
ನೀರು ತುಂಬಿ, ಹರಿದ ಚಾದರದ ಪಟ್ಟಿಯಿಂದ
ಪೊರಕೆಕೋಲಿಗೆ ಬಿಗಿದದ್ದು.
ಎತ್ತಿದಾಗೆಲ್ಲ ಒಳಗೆ ಗುಳುಗುಳು.
ವಾಲ್ಡೆಸಿರ್ ಕಣ್ಣು ಬಿಡದೆ ಬಯ್ಯುತ್ತಾನೆ:
'ನದಿಯನ್ನೇ ಹೊತ್ತು ತಂದೆಯೇನೋ, ಇವಾನಿಲ್ಡೊ?'

ಬಸ್ಕಿ ಕಲಿಸಿದವನು ಮುದುಕ ಬೆಲಾರ್ಮಿನೊ.
ಕಬ್ಬಿನ ಮಿಲ್ಲಿನಲ್ಲಿ ಸವೆದ ಮಂಡಿ, ಅರವತ್ತೆಂಟು ವರ್ಷ.
'ಕೂರುವಾಗ ಉಸಿರು ಒಳಗೆ, ಏಳುವಾಗ ಹೊರಗೆ.
ನಿಧಾನ. ಎಲ್ಲಿಗೆ ಹೋಗಬೇಕಾಗಿದೆ ನಿನಗೆ?'

ಆಮೇಲೆ ಎಣಿಕೆ, ಕಾಫಿ, ಮಾರ್ಗರೀನ್ ಸವರಿದ ಬ್ರೆಡ್ಡು,
ಅಂಗಳದಲ್ಲಿ ಎರಡು ಗಂಟೆ ಬಿಸಿಲು.
ಕುಯಾಬಾದ ಬಿಸಿಲು ಎಂದರೆ
ಅದಕ್ಕೂ ಒಂದು ಶಿಕ್ಷೆಯ ಅವಧಿ ಇರಬೇಕು.

ಗುರುವಾರ ದೋನಾ ಝುಲೇಯ್ಡೆಯ ಗಾಡಿ,
ಒಂದು ಚಕ್ರ ಕುಂಟುತ್ತ, ಪುಸ್ತಕ ಹೊತ್ತು ಬರುತ್ತದೆ.
ಒಂದು ಓದಿ, ಓದಿದ್ದನ್ನು ಬರೆದುಕೊಟ್ಟರೆ
ಶಿಕ್ಷೆಯಲ್ಲಿ ನಾಲ್ಕು ದಿನ ಕಡಿತ.
ಕೇಳಿ ನಕ್ಕಿದ್ದೆ:
ಹದಿನಾಲ್ಕು ವರ್ಷದ ಹಗ್ಗಕ್ಕೆ
ನಾಲ್ಕು ದಿನದ ಕತ್ತರಿ.
ನಾನು ಮಾಡಿದ್ದನ್ನು ಯಾವ ಪುಸ್ತಕವೂ ಕತ್ತರಿಸುವುದಿಲ್ಲ,
ಅದೂ ಗೊತ್ತು.

ಇದ್ದುದರಲ್ಲೇ ತೆಳ್ಳಗಿನದು ಆರಿಸಿದೆ.
ಗೆರೆಯ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ, ಇಪ್ಪತ್ತಾರು ದಿನ.
ಬರೆದುಕೊಟ್ಟದ್ದು ವಾಪಸ್ಸು ಬಂತು.
ಅಂಚಿನಲ್ಲಿ ಟೀಚರಮ್ಮನ ಹಸಿರು ಮಸಿ:
'ಪುಸ್ತಕ ಹೇಳಿದ್ದನ್ನೇ ಹೇಳಿದ್ದೀರಿ. ನೀವೆಲ್ಲಿ?'

ದಿನಕ್ಕೆರಡು ಸಲ ಎಣಿಸುವವರ ಮುಂದೆ
'ಇಲ್ಲಿ' ಎಂದು ಕೂಗುವವನು ನಾನು.
ಆ ಹಸಿರು ಪ್ರಶ್ನೆಗೆ ಮಾತ್ರ ಬಾಯಿ ಬರಲಿಲ್ಲ.

ಎರಡನೆಯದಕ್ಕೆ ರಟ್ಟಿರಲಿಲ್ಲ, ಹೆಸರೂ ಇರಲಿಲ್ಲ.
ಉಪ್ಪು ಹೇರಿದ ಹೇಸರಗತ್ತೆಗಳನ್ನು ಹೊಡೆದುಕೊಂಡು
ಬೆಟ್ಟ ದಾಟುವ ಒಬ್ಬ ವಿಧವೆ.
ನೂರ ಎಪ್ಪತ್ತನಾಲ್ಕನೆಯ ಪುಟದಲ್ಲಿ ರಾತ್ರಿ,
ಹೊಳೆಯ ನಡುವೆ ಮುಂದಿನ ಗತ್ತೆಯ ಕಾಲು ಜಾರಿತು,
ಅಷ್ಟೇ.
ಮುಂದೆ ಹನ್ನೊಂದು ಹಾಳೆಯ ಗುರುತು,
ಹಲ್ಲು ಕಿತ್ತ ವಸಡಿನ ಹಾಗೆ.

ವಾರವೆಲ್ಲ ಆ ಗತ್ತೆಯನ್ನು ಹೊತ್ತುಕೊಂಡೇ ತಿರುಗಿದೆ.
ಮೂವತ್ತನೆಯ ದಂಡಕ್ಕೆ ಅದು ಸತ್ತಿತು,
ಮೂವತ್ತೊಂದಕ್ಕೆ ಬದುಕಿಸಿದೆ.
ಕೊನೆಗೆ ನಾನೇ ಕೂತು ಬರೆದೆ,
ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ,
ಹನ್ನೊಂದು ಪುಟ ತುಂಬುವ ತನಕ.

ಅವತ್ತು ರಾತ್ರಿ ಬೆಲಾರ್ಮಿನೊ ಹತ್ತಿರ ಸರಿದ.
'ಆ ಹಾಳೆ ಸೇದಿದ್ದು ನಾನೇ' ಅಂದ.
'ತೆಳ್ಳಗಿತ್ತು, ಚೆನ್ನಾಗಿ ಸುತ್ತಿಕೊಳ್ತಿತ್ತು.
ನನಗೆ ಅಕ್ಷರ ಬರಲ್ಲ.
ಏನಿತ್ತು ಅದರಲ್ಲಿ, ನಾನು ಸೇದಿದ್ದರಲ್ಲಿ?'

ನಾನು ಬರೆದದ್ದನ್ನೇ ಓದಿದೆ, ಪುಸ್ತಕದ್ದೇ ಎಂಬಂತೆ.
ಕೆಮ್ಮನ್ನು ಅಂಗೈಯಲ್ಲಿ ಮುಚ್ಚಿ ಕೇಳಿಸಿಕೊಂಡ.
'ಗತ್ತೆ ಉಳೀತಾ?'
'ಉಳಿಯಿತು.'
'ಉಪ್ಪು?'

ಉಪ್ಪಿನ ನೆನಪೇ ಆಗಿರಲಿಲ್ಲ ನನಗೆ.
ನನ್ನ ವಿಧವೆ ಸೊಂಟದುದ್ದ ನೀರು ದಾಟಿ
ಮೂಟೆ ಒಣಗಿದ್ದ ಹಾಗೆಯೇ
ಸಂತೆಗೆ ಹೋಗಿ ಮಾರಿಬಿಟ್ಟಿದ್ದಳು.

ಮುದುಕ ಕತ್ತಲಲ್ಲೇ ನಕ್ಕ.
'ಕರಗಿತು ಅಂತ ಬರಿ, ಮಗಾ.
ಇಲ್ಲದಿದ್ರೆ ಯಾರೂ ನಂಬಲ್ಲ.'

ಬರೆದೆ. ಗತ್ತೆ ಉಳಿಯಿತು, ಉಪ್ಪು ಹೋಯಿತು.
ಖಾಲಿ ಚೀಲ ಮಡಿಸಿ ಹೆಗಲಿಗೆ ಹಾಕಿ ಅವಳು
ಇಳಿಜಾರು ಇಳಿದಳು.
ನಾಲ್ಕು ದಿನ ಸಿಕ್ಕಿತು. ಅಂಚು ಬರಿದಾಗಿತ್ತು,
ಮೂಲೆಯಲ್ಲೊಂದು ಹಸಿರು ಚುಕ್ಕೆಯಷ್ಟೇ,
ಪೆನ್ನು ಊರಿ ಯೋಚಿಸಿದ್ದರ ಗುರುತೋ ಏನೋ.

ಈಗ ಬೆಲಾರ್ಮಿನೊ ಬಸ್ಕಿಗೆ ಅಂಕಿ ಎಣಿಸುವುದಿಲ್ಲ.
ಒಂದೊಂದಕ್ಕೆ ಒಂದೊಂದು ಅಕ್ಷರ:
ಆ, ಬೆ, ಸೆ, ದೆ.
'ಎಫೆ'ಗೆ ಬರುವಷ್ಟರಲ್ಲಿ ಮಂಡಿ ಹಿಡಿಯುತ್ತದೆ,
ಗೋಡೆಗೆ ಕೈಯಾನಿಸಿ, ಉಸಿರೆಳೆದು,
ಮತ್ತೆ ಕೂರುತ್ತಾನೆ.
ಇವತ್ತು 'ಎಮೆ' ತನಕ ಬಂದ.

ಬಾಟಲಿಯ ನೀರು ಬದಲಿಸಬೇಕು.
ತಳದಲ್ಲಿ ಪಾಚಿ ಕಟ್ಟಿದೆ.